ದೋಸ್ತ, ಜೆಸಿಬಿ ಆಮೇಲೆ ತಗೋ

ದೋಸ್ತ,

ಹೊಲ ಅಡ ಇಟ್ಟು ಜೆಸಿಬಿ ತರುತ್ತೇನೆ ಎಂದು ಬರೆದಿದ್ದೀಯಲ್ಲ, ಸ್ವಲ್ಪ ತಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಸಂಡೂರು ಕಡೆ ಗಾಡಿಗಳು ನಿಂತಲ್ಲೇ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ಓನರ್ ಆಗೋದು ಇರಲಿ, ಮೊದಲು ಆಪರೇಟರ್ ಆಗು.

ಅದಕ್ಕೆ ಹೆಲ್ಪರ್ ಆಗಿ ಸೇರು. ನಿಮ್ಮ ಸಿಂಧನೂರಲ್ಲೇ ಕಾಲುವೆ ನೀರು ನಿಂತ ಮೇಲೆ ಹೂಳು ತೆಗೆಯುವುದು, ಗದ್ದೆ ಮಟ್ಟ ಮಾಡುವುದು ಇದ್ದೇ ಇರುತ್ತದೆ, ಅಲ್ವಾ? ಹಳೇ ಆಪರೇಟರ್ ಒಬ್ಬನ ಬೆನ್ನು ಹತ್ತು. ಸಂಬಳ ಕಡಿಮೆ, ಬೈಗುಳ ಜಾಸ್ತಿ. ಬೆಳಿಗ್ಗೆ ಎಂಜಿನ್ ಶುರು ಮಾಡುವ ಮೊದಲು ಆಯಿಲ್, ರೇಡಿಯೇಟರ್ ನೀರು, ಹೈಡ್ರಾಲಿಕ್ ಪೈಪ್ ನೋಡಬೇಕು, ಬೂಮಿನಿಂದ, ಅಂದರೆ ಗಾಡಿಗೆ ಅಂಟಿದ ದೊಡ್ಡ ತೋಳಿನಿಂದ, ಮಣ್ಣು ತೋಡುವ ಬಕೆಟ್ ತನಕ ಪಿನ್ನುಗಳಿಗೆಲ್ಲ ಗ್ರೀಸ್ ಹೊಡೆಯಬೇಕು. ಇದು ಕೂಲಿ ಕೆಲಸ ಎಂದು ಮೂಗು ಮುರಿದವನು ಆಮೇಲೆ ಗಾಡಿ ಕೆಟ್ಟಾಗ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ ಸುಮ್ನೆ ಕೂಡುತ್ತಾನೆ.

ಹಿಟಾಚಿಯಲ್ಲಿ, ಅಂದರೆ ಚೈನ್ ಮೇಲೆ ಓಡುವ ಅಗೆಯುವ ಗಾಡಿಯಲ್ಲಿ, ಸಾಮಾನ್ಯವಾಗಿ ಎಡಗೈ ಲಿವರ್ ಕ್ಯಾಬಿನ್ ತಿರುಗಿಸಲು, ಆರ್ಮ್ (ಬೂಮಿನ ತುದಿಯ ಮುಂದೋಳು) ಚಾಚಲು. ಬಲಗೈಯದು ಬೂಮ್ ಎತ್ತಲು, ಬಕೆಟ್ ಮಡಚಲು. ಕೆಲವು ಗಾಡಿಗಳಲ್ಲಿ ಅದಲುಬದಲು ಇರುತ್ತದೆ, ಹಾಗಾಗಿ ಹೊಸ ಗಾಡಿ ಹತ್ತಿದರೆ ಖಾಲಿ ಜಾಗದಲ್ಲಿ ಮೆಲ್ಲಗೆ ಆಡಿಸಿ ನೋಡು. ಇನ್ನೊಂದು. ಚೈನ್ ಎಳೆಯುವ ಹಲ್ಲಿನ ಚಕ್ರ ನಿನ್ನ ಬೆನ್ನ ಹಿಂದೆ ಇರಬೇಕು. ಕ್ಯಾಬಿನ್ ಅರ್ಧ ಸುತ್ತು ತಿರುಗಿ ಆ ಚಕ್ರ ಮುಂದೆ ಬಂದಿದ್ದರೆ, ನೀನು ಮುಂದಕ್ಕೆ ಒತ್ತಿದರೂ ಗಾಡಿ ಹಿಂದಕ್ಕೆ ಹೋಗುತ್ತದೆ, ಹಿಂದೆ ಯಾರಾದರೂ ನಿಂತಿದ್ದರೆ ಕಥೆ ಮುಗಿದಂತೆ. ಹೊಲದ ಬದುವಿನಲ್ಲಿ ಕರೆಂಟ್ ತಂತಿ ಜೋತು ಬಿದ್ದಿರುತ್ತದೆ, ಬೂಮ್ ಎತ್ತುವ ಮುಂಚೆ ತಲೆ ಎತ್ತಿ ನೋಡು. ಸಂಜೆ ಕೆಲಸ ಮುಗಿಯುತ್ತಲೇ ಕೀ ತಿರುಗಿಸಬೇಡ, ಸ್ವಲ್ಪ ಹೊತ್ತು ಎಂಜಿನ್ ಐಡಲ್ ಬಿಡು, ಎಂಜಿನ್‌ಗೆ ಗಾಳಿ ತುಂಬುವ ಟರ್ಬೊ ತಣ್ಣಗಾಗಲಿ.

ಕೈ ಕೂತ ಮೇಲೆ ಗಣಿಗೆ ಬರಬಹುದು. ನಮ್ಮ ಸಂಡೂರು ಕಡೆಯ ಕಬ್ಬಿಣದ ಅದಿರಿನ ಗಣಿ ಇರುವ ದೋಣಿಮಲೈ ಸುತ್ತ ಕೆಲಸ ಇದೆ, ಆದರೆ ಗಣಿಯಲ್ಲಿ ವೈದ್ಯಕೀಯ ಪರೀಕ್ಷೆ, ವೊಕೇಶನಲ್ ಟ್ರೈನಿಂಗ್ ಎರಡೂ ಆಗದೆ ಕೆಲಸಕ್ಕೆ ಇಳಿಸುವಂತಿಲ್ಲ. ಅದೆಲ್ಲ ಬೇಡ, ಹಿಂದಿನ ಬಾಗಿಲಿಂದ ಸೇರಿಸುತ್ತೇನೆ ಎಂದು ದುಡ್ಡು ಕೇಳುವವನ ಹತ್ತಿರ ಹೋಗಲೇಬೇಡ. ಕೆಂಪು ಧೂಳಿಗೆ ಮಾಸ್ಕ್ ಬೇಕೇ ಬೇಕು, ಬರೀ ಟವೆಲ್ ಸುತ್ತಿಕೊಂಡರೆ ಸಾಲದು.

ನಿನ್ನ ಲೈಸೆನ್ಸಿನ ಎರಡೂ ಬದಿ ಫೋಟೋ ಹಾಕು. ಅದರಲ್ಲಿ ಯಾವ ವರ್ಗ ಇದೆ, ಇನ್ನೇನು ಸೇರಿಸಬೇಕು ಎಂದು ಆರ್‌ಟಿಒದಲ್ಲಿ ಕೇಳಿ ಹೇಳುತ್ತೇನೆ. ಅಲ್ಲಿಯವರೆಗೆ ಹೊಲದ ಪಹಣಿ ಯಾರ ಕೈಗೂ ಕೊಡಬೇಡ.

ನಿನ್ನ
ಸಂಡೂರಿನ ದೋಸ್ತ