ಹೈದರಾಬಾದಿನ ಮೂರು ತಂಡಗಳು ಮತ್ತು ಆರ್‌ಸಿಬಿ ಮಾರಾಟ

ಮಾನ್ಯ ಸಂಪಾದಕರೇ,

ಯುನೈಟೆಡ್ ಸ್ಪಿರಿಟ್ಸ್ ಕಂಪನಿ 2025ರ ನವೆಂಬರ್ 5ರಂದು ಷೇರುಪೇಟೆಗೆ ಒಂದು ಮಾಹಿತಿ ಕೊಟ್ಟಿತು. ತನ್ನ ಅಂಗಸಂಸ್ಥೆ ರಾಯಲ್ ಚಾಲೆಂಜರ್ಸ್ ಸ್ಪೋರ್ಟ್ಸ್ ಪ್ರೈವೇಟ್ ಲಿಮಿಟೆಡ್‌ನಲ್ಲಿ, ಅಂದರೆ ಆರ್‌ಸಿಬಿ ತಂಡವಿರುವ ಕಂಪನಿಯಲ್ಲಿ, ಇಟ್ಟಿರುವ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿಯೂ, ಆ ಕೆಲಸವನ್ನು 2026ರ ಮಾರ್ಚ್ 31ರೊಳಗೆ ಮುಗಿಸುವ ಗುರಿ ಇದೆಯೆಂದೂ ಹೇಳಿತು. ಅಂದಿನಿಂದ ಆರ್‌ಸಿಬಿ ಕುರಿತ ಸುದ್ದಿಯಲ್ಲಿ ಎರಡೇ ಪ್ರಶ್ನೆ ಸುತ್ತತೊಡಗಿದವು: ಕೊಳ್ಳುವವರು ಯಾರು, ಬೆಲೆ ಎಷ್ಟು? ಊರಿನವರು ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ. ಕೊಳ್ಳುವವರ ಸಾಲ ತಂಡದ ಯಾವ ಭಾಗಕ್ಕೆ ತಗಲಿಕೊಳ್ಳುತ್ತದೆ, ಅವರು ನಾಳೆ ಕೈಯೆತ್ತಿದರೆ ತಂಡ ಯಾವ ಊರಲ್ಲಿ ಉಳಿಯುತ್ತದೆ?

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಬೀದರ್, ಕಲಬುರಗಿ, ರಾಯಚೂರು ಕಡೆಯ ಪ್ರೇಕ್ಷಕರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆ ಊರು ಹದಿಮೂರು ವರ್ಷಗಳಲ್ಲಿ ಒಂದು ತಂಡವನ್ನು ಕಳೆದುಕೊಂಡಿತು, ಇನ್ನೊಂದು ಊರು ಬಿಟ್ಟು ಹೋಯಿತು, ಮೂರನೆಯದು ಹೊರಡುತ್ತೇನೆಂದು ಪತ್ರ ಬರೆಯಿತು. ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದು ಡೆಕ್ಕನ್ ಚಾರ್ಜರ್ಸ್. 2008ರ ಜನವರಿಯಲ್ಲಿ ಡೆಕ್ಕನ್ ಕ್ರಾನಿಕಲ್ ಪತ್ರಿಕಾ ಕಂಪನಿ 10.7 ಕೋಟಿ ಡಾಲರಿಗೆ ಪಡೆದ ತಂಡ ಅದು. ಮರುವರ್ಷ ಜೊಹಾನ್ಸ್‌ಬರ್ಗಿನ ಫೈನಲ್‌ನಲ್ಲಿ ನಮ್ಮ ಆರ್‌ಸಿಬಿಯನ್ನೇ 6 ರನ್‌ಗಳಿಂದ ಸೋಲಿಸಿ ಕಪ್ ಎತ್ತಿತು. 2012ರ ಹೊತ್ತಿಗೆ ಆಟಗಾರರಿಗೆ ಕೊಡಬೇಕಾದ ಹಣವೇ ಬಾಕಿ ಬಿದ್ದಿತ್ತು. ಸಾಲ ಬೆಳೆದದ್ದು ಪತ್ರಿಕಾ ಕಂಪನಿಯಲ್ಲಿ. ಆದರೆ ಬಿಸಿಸಿಐ ಜತೆಗಿನ ಮೊಕದ್ದಮೆಯಲ್ಲಿ ತಂಡದ ಪರವಾಗಿ ನಿಂತ ಪಕ್ಷಗಾರರೂ ಅದೇ ಕಂಪನಿ. ಪತ್ರಿಕೆಗೂ ತಂಡಕ್ಕೂ ನಡುವೆ ಗೋಡೆ ಇರಲಿಲ್ಲ, ಹಾಗಾಗಿ ಅಲ್ಲಿಯ ಬೆಂಕಿ ನೇರವಾಗಿ ಇಲ್ಲಿಗೆ ಬಂತು.

2012ರ ಆಗಸ್ಟ್ 16ರಂದು ಬಿಸಿಸಿಐ ನೋಟಿಸು ಕೊಟ್ಟು, ತಪ್ಪು ಸರಿಪಡಿಸಲು 30 ದಿನ ಗಡುವು ಹಾಕಿತು. ಆಟಗಾರರ ಬಾಕಿ, ಒಪ್ಪಿಗೆ ಪಡೆಯದೆ ಫ್ರಾಂಚೈಸಿಯ ಆಸ್ತಿಯನ್ನು ಬ್ಯಾಂಕುಗಳಿಗೆ ಅಡವಿಟ್ಟದ್ದು, ದಿವಾಳಿಯ ಸ್ಥಿತಿ, ಇವು ಅದರ ದೂರುಗಳು. ಸೆಪ್ಟೆಂಬರ್ 13ರಂದು ಮಾಲೀಕರು ತಂಡವನ್ನು ಹರಾಜಿಗಿಟ್ಟರು. ಬಂದದ್ದು ಪಿವಿಪಿ ವೆಂಚರ್ಸ್‌ನ ಒಂದೇ ಬಿಡ್, 900 ಕೋಟಿ ರೂಪಾಯಿ. ಹಣ ಪಾವತಿಯ ಷರತ್ತು ಹೊಂದದೆ ಮಾಲೀಕರು ಅದನ್ನು ಬೇಡವೆಂದರು. ಮರುದಿನವೇ, ಅಂದರೆ ಗಡುವು ತುಂಬಲು ಇನ್ನೂ ಒಂದು ದಿನ ಇರುವಾಗ, ಬಿಸಿಸಿಐ ಒಪ್ಪಂದ ರದ್ದು ಮಾಡಿತು. ಆ ಒಂದು ದಿನ ಮುಂದೆ ವ್ಯಾಜ್ಯದ ದೊಡ್ಡ ಅಂಶವಾಯಿತು. 2020ರಲ್ಲಿ ಮಧ್ಯಸ್ಥಗಾರರು ಬಿಸಿಸಿಐ 4,814.67 ಕೋಟಿ ರೂಪಾಯಿ ಕೊಡಬೇಕೆಂದರು, 2021ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿತು.

ಇದು ಮಾಲೀಕರ ಮತ್ತು ಮಂಡಳಿಯ ಲೆಕ್ಕ. ಊರಿನ ಲೆಕ್ಕ ಬೇರೆ. ರದ್ದಾದ ತಂಡದ ಜಾಗಕ್ಕೆ ಬಿಸಿಸಿಐ ಟೆಂಡರ್ ಕರೆದಾಗ ಪಟ್ಟಿಯಲ್ಲಿ ಹೈದರಾಬಾದ್ ಒಂದೇ ಇರಲಿಲ್ಲ. ಅಹಮದಾಬಾದ್, ಕಟಕ್, ಇಂದೋರ್, ರಾಂಚಿ, ಕಾನ್ಪುರ, ವಿಶಾಖಪಟ್ಟಣ ಸೇರಿ ಹನ್ನೆರಡು ಊರುಗಳಿದ್ದವು. ಅಕ್ಟೋಬರ್ 25ರಂದು ಸನ್ ಟಿವಿ ವರ್ಷಕ್ಕೆ 85.05 ಕೋಟಿ ರೂಪಾಯಿಯ ಬಿಡ್‌ನಿಂದ ಗೆದ್ದು ಹೈದರಾಬಾದನ್ನು ಆರಿಸಿಕೊಂಡಿತು. ಎರಡನೆಯ ಬಿಡ್ ಇದ್ದದ್ದು 69.03 ಕೋಟಿಗೆ. ಕಪ್ ಗೆದ್ದ ಊರೆಂಬ ಕಾರಣಕ್ಕೆ ತಂಡ ಅಲ್ಲಿ ಉಳಿಯಲಿಲ್ಲ, ಗೆದ್ದ ಬಿಡ್‌ದಾರರು ಆ ಊರಿನ ಹೆಸರು ಬರೆದರು ಎಂಬ ಕಾರಣಕ್ಕೆ ಉಳಿಯಿತು.

ಮಾಲೀಕರ ಕಷ್ಟ ಮೊದಲು ಕಾಣಿಸಿಕೊಳ್ಳುವ ಜಾಗ ಬ್ಯಾಂಕ್ ಗ್ಯಾರಂಟಿ. ಬಿಡ್‌ನ ಮೊತ್ತವನ್ನು ಮಂಡಳಿಗೆ ವರ್ಷ ವರ್ಷ ಕಟ್ಟುವ ಕಂತನ್ನು ತಂಡ ಕಟ್ಟದಿದ್ದರೆ ಬ್ಯಾಂಕು ಕಟ್ಟುತ್ತದೆ ಎಂಬ ಬರಹ ಅದು. ಬ್ಯಾಂಕು ಇದನ್ನು ಪುಕ್ಕಟೆ ಕೊಡುವುದಿಲ್ಲ. ಮಾರ್ಜಿನ್ ಹಣವನ್ನು ಠೇವಣಿ ಇಡಿಸಿಕೊಳ್ಳುತ್ತದೆ, ಉಳಿದದ್ದಕ್ಕೆ ಆಸ್ತಿ ಬರೆಸಿಕೊಳ್ಳುತ್ತದೆ, ಮೇಲೆ ಕಮಿಷನ್ ಹಾಕುತ್ತದೆ. ಗ್ಯಾರಂಟಿಗೆ ಅವಧಿ ಇರುತ್ತದೆ, ಮುಗಿದಾಗ ನವೀಕರಿಸಬೇಕು. ಮಾಲೀಕರ ಬೇರೆ ಯಾವುದೋ ವ್ಯವಹಾರದ ಸಾಲ 90 ದಿನ ಬಾಕಿ ಬಿದ್ದು ಖಾತೆ ಎನ್‌ಪಿಎ (ಕೆಟ್ಟ ಸಾಲ) ಆದರೆ ಬ್ಯಾಂಕು ಹೊಸ ಗ್ಯಾರಂಟಿಗೆ ಸಹಿ ಹಾಕುವುದು ಕಷ್ಟ. ತಂಡ ಲಾಭದಲ್ಲಿದ್ದರೂ ಅಷ್ಟೇ. 2012ರ ಅಕ್ಟೋಬರ್‌ನಲ್ಲಿ ಡೆಕ್ಕನ್ ಮಾಲೀಕರಿಗೆ ಹೈಕೋರ್ಟ್ 100 ಕೋಟಿಯ ಗ್ಯಾರಂಟಿ ತನ್ನಿ ಎಂದಿತು. ಗಡುವು ಮುಂದಕ್ಕೆ ಹಾಕಿದರೂ ತರಲಾಗಲಿಲ್ಲ.

ಕೊಚ್ಚಿ ಟಸ್ಕರ್ಸ್ ಕೂಡ ಬಿದ್ದದ್ದು ಇದೇ ಹೊಂಡಕ್ಕೆ. 2010ರಲ್ಲಿ 33.33 ಕೋಟಿ ಡಾಲರಿಗೆ ಪಡೆದ ತಂಡ ಅದು. ಹತ್ತು ಕಂತು ಮಾಡಿದರೆ ವರ್ಷಕ್ಕೆ 3.33 ಕೋಟಿ ಡಾಲರ್. ಮಂಡಳಿ ಕೇಳಿದ ಗ್ಯಾರಂಟಿ 156 ಕೋಟಿ ರೂಪಾಯಿ, ಅಂದಿನ ಡಾಲರ್ ದರದಲ್ಲಿ ಸರಿಸುಮಾರು ಒಂದು ವರ್ಷದ ಕಂತು. ಒಂದೇ ಸೀಸನ್ ಆಡಿದ ತಂಡ 2011ರ ಸೆಪ್ಟೆಂಬರ್‌ನಲ್ಲಿ ರದ್ದಾಯಿತು. ಮಾಲೀಕರಿಗೆ 538 ಕೋಟಿ ರೂಪಾಯಿ ಕೊಡಬೇಕೆಂಬ ಮಧ್ಯಸ್ಥಿಕೆ ಆದೇಶಗಳನ್ನು 2025ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ತಂಡದಲ್ಲಿ ಆಡಿದ್ದ ಬ್ರಾಡ್ ಹಾಡ್ಜ್ 2021ರಲ್ಲಿ, ಆಟಗಾರರಿಗೆ ಶೇ 35ರಷ್ಟು ಹಣ ಇನ್ನೂ ಬಂದಿಲ್ಲವೆಂದು ಬಹಿರಂಗವಾಗಿ ಹೇಳಿದ್ದರು. ಕೊಚ್ಚಿಗೆ ಐಪಿಎಲ್ ತಂಡ ಮತ್ತೆ ಬರಲೇ ಇಲ್ಲ.

ಹಳೆಯ ಎಂಟು ತಂಡಗಳಿಗೆ ಇಲ್ಲೊಂದು ಅನುಕೂಲವಿದೆ. ಮೊದಲ ಹತ್ತು ವರ್ಷದ ಕಂತು ಮುಗಿದ ಮೇಲೆ, 2018ರಿಂದ ಅವು ತಮ್ಮ ಆದಾಯದ ಶೇ 20ರಷ್ಟನ್ನು ಮಂಡಳಿಗೆ ಕೊಡುತ್ತವೆ. ಆದಾಯ ಇಳಿದರೆ ಕೊಡುವುದೂ ಇಳಿಯುತ್ತದೆ. 2021ರಲ್ಲಿ 7,090 ಕೋಟಿಗೆ ಹೋದ ಲಖನೌ ತಂಡಕ್ಕೆ ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 709 ಕೋಟಿಯ ಹೊರೆ. ಅತ್ತ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ. ಅದರಲ್ಲಿ ಸುಮಾರು ಅರ್ಧ ಹತ್ತು ತಂಡಗಳಿಗೆ ಹೋಗುತ್ತದೆಂದರೆ ತಂಡವೊಂದಕ್ಕೆ ವರ್ಷಕ್ಕೆ ಹೆಚ್ಚುಕಡಿಮೆ 480 ಕೋಟಿ. ಉಳಿದದ್ದು ಪ್ರಾಯೋಜಕರಿಂದ, ಟಿಕೆಟ್‌ನಿಂದ, ಕೊನೆಗೆ ಮಾಲೀಕರ ಜೇಬಿನಿಂದ ಬರಬೇಕು. ಆರ್‌ಸಿಬಿಗೆ ಈ ಕಂತಿನ ಹೊರೆ ಇಲ್ಲ. ಆದರೆ ಕೊಳ್ಳುವವರು ಸಾಲ ಮಾಡಿ ಕೊಂಡರೆ ಅದೇ ಹೊರೆ ಬಡ್ಡಿಯ ರೂಪದಲ್ಲಿ ವಾಪಸು ಬರುತ್ತದೆ. ನಮ್ಮ ಆತಂಕ ಇರುವುದು ಇಲ್ಲಿ.

ಹೈದರಾಬಾದಿನ ಎರಡನೆಯ ಕತೆ ಫುಟ್‌ಬಾಲಿನದು. ಹೈದರಾಬಾದ್ ಎಫ್‌ಸಿ ಬಂದದ್ದೇ ಇನ್ನೊಂದು ಊರಿನ ನಷ್ಟದಿಂದ. 2019ರಲ್ಲಿ ಹಣವಿಲ್ಲದೆ ಮುಚ್ಚಿದ ಪುಣೆ ತಂಡದ ಜಾಗ ಅದಕ್ಕೆ ಸಿಕ್ಕಿತು. ಅದೇ ವರ್ಷ ದೆಹಲಿಯ ತಂಡ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಪೆನಾಲ್ಟಿಗಳನ್ನು ತಡೆದು ಹೈದರಾಬಾದಿಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ತಂದುಕೊಟ್ಟರು. ಮರುವರ್ಷವೇ ಸಂಬಳ ನಿಲ್ಲತೊಡಗಿತು. ಫುಟ್‌ಬಾಲಿನಲ್ಲಿ ಇದರ ಪರಿಣಾಮ ಬೇಗ ಕಾಣುತ್ತದೆ. ಎರಡು ತಿಂಗಳ ಸಂಬಳ ಬಾಕಿಯಾದರೆ ಆಟಗಾರ 15 ದಿನದ ನೋಟಿಸು ಕೊಟ್ಟು ಕರಾರು ಮುರಿಯಬಹುದು, ಇದು ಫಿಫಾ ನಿಯಮ. ಬಾಕಿ ತೀರಿಸದ ಕ್ಲಬ್ಬಿಗೆ ಹೊಸ ಆಟಗಾರರ ನೋಂದಣಿ ನಿಷೇಧ. ಒಳ್ಳೆಯವರು ಹೋಗುತ್ತಾರೆ, ಬದಲಿ ತರಲಾಗದು, ಸೋಲು ಹೆಚ್ಚುತ್ತದೆ, ಗ್ಯಾಲರಿ ಖಾಲಿಯಾಗುತ್ತದೆ, ಪ್ರಾಯೋಜಕರು ಸರಿಯುತ್ತಾರೆ. 2024ರಲ್ಲಿ ತಂಡ ಹೊಸ ಮಾಲೀಕರ ಕೈಸೇರಿತು, 2025ರ ಅಕ್ಟೋಬರ್‌ನಲ್ಲಿ ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ಗಚ್ಚಿಬೌಲಿಯ ಗ್ಯಾಲರಿಯಲ್ಲಿ ಕೂಗಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಬೆಂಗಳೂರಿನ ಫುಟ್‌ಬಾಲ್ ಪ್ರಿಯರು ಇದನ್ನು ದೂರದ ಸಂಗತಿ ಎಂದು ಭಾವಿಸಬಾರದು. ಐಎಸ್‌ಎಲ್ ನಡೆಯುವುದೇ ಖಚಿತವಿಲ್ಲದಾಗ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿತ್ತು. ಅದರ ಮಾಲೀಕರು ದೊಡ್ಡ ಉಕ್ಕಿನ ಕಂಪನಿಯವರು.

ಮೂರನೆಯ ಕತೆಯಲ್ಲಿ ಮಾಲೀಕರಿಗೆ ಹಣದ ಕೊರತೆ ಇರಲಿಲ್ಲ, ಜಗಳ ಬಂದದ್ದು ಮೈದಾನದವರ ಜತೆ. 2025ರ ಮಾರ್ಚ್‌ನಲ್ಲಿ ಸನ್‌ರೈಸರ್ಸ್ ತಂಡ ಹೈದರಾಬಾದ್ ಕ್ರಿಕೆಟ್ ಸಂಸ್ಥೆಗೆ ಪತ್ರ ಬರೆದು, ಉಚಿತ ಪಾಸ್‌ಗಳಿಗಾಗಿ ಒತ್ತಡ ನಿಲ್ಲದಿದ್ದರೆ ಊರು ಬಿಡುತ್ತೇವೆ ಎಂದಿತು. ಒಪ್ಪಂದದ ಪ್ರಕಾರ ಸಂಸ್ಥೆಗೆ 3,900 ಪಾಸ್ ಹೋಗುತ್ತಿದ್ದವು. ಅವುಗಳಲ್ಲಿ 50 ಎಫ್-12ಎ ಎಂಬ ಬಾಕ್ಸಿನವು. ಆ ಬಾಕ್ಸಿನಲ್ಲಿ 30 ಜನರಿಗಷ್ಟೇ ಜಾಗ, ಉಳಿದ 20ಕ್ಕೆ ಬೇರೆ ಬಾಕ್ಸ್ ಕೊಡಿ ಎಂಬುದು ಸಂಸ್ಥೆಯ ಬೇಡಿಕೆ. ಲಖನೌ ವಿರುದ್ಧದ ಪಂದ್ಯಕ್ಕೆ ಕೆಲವೇ ಗಂಟೆ ಇರುವಾಗ ಎಫ್-3 ಎಂಬ ಇನ್ನೊಂದು ಬಾಕ್ಸಿಗೆ ಬೀಗ ಬಿತ್ತು. ಇಪ್ಪತ್ತು ಕುರ್ಚಿಯ ವಿಷಯದಲ್ಲಿ ಒಂದು ಊರು ತಂಡವನ್ನೇ ಕಳೆದುಕೊಳ್ಳುವ ಮಾತು ಬಂತು. ಕೊನೆಗೆ ಮಾತುಕತೆಯಲ್ಲಿ ಬಗೆಹರಿಯಿತು.

ಮೂರನ್ನೂ ಎದುರಿಗಿಟ್ಟುಕೊಂಡು ಬೆಂಗಳೂರನ್ನು ನೋಡೋಣ. ಗೋಡೆಯ ವಿಷಯದಲ್ಲಿ ಆರ್‌ಸಿಬಿ ಗಟ್ಟಿ. 2012ರಲ್ಲಿ ಕಿಂಗ್‌ಫಿಷರ್ ವಿಮಾನಯಾನ ಕಂಪನಿ ನೆಲ ಕಚ್ಚಿದಾಗ, 2016ರಲ್ಲಿ ವಿಜಯ್ ಮಲ್ಯ ಯುನೈಟೆಡ್ ಸ್ಪಿರಿಟ್ಸ್‌ನ ಅಧ್ಯಕ್ಷ ಸ್ಥಾನ ಬಿಟ್ಟು ದೇಶ ತೊರೆದಾಗ, ತಂಡ ಒಂದು ಪಂದ್ಯವನ್ನೂ ಕಳೆದುಕೊಳ್ಳಲಿಲ್ಲ. ತಂಡ ಇದ್ದದ್ದು ಯುನೈಟೆಡ್ ಸ್ಪಿರಿಟ್ಸ್‌ನ ಕೆಳಗಿನ ಪ್ರತ್ಯೇಕ ಕಂಪನಿಯಲ್ಲಿ, 2016ರ ಹೊತ್ತಿಗೆ ಯುನೈಟೆಡ್ ಸ್ಪಿರಿಟ್ಸ್ ಬ್ರಿಟನ್ನಿನ ಮದ್ಯ ಕಂಪನಿ ಡಿಯಾಜಿಯೊ ಹಿಡಿತಕ್ಕೆ ಬಂದಾಗಿತ್ತು. ಈ ಗೋಡೆ ಮಾರಾಟದ ನಂತರವೂ ನಿಲ್ಲಬೇಕು. 2023ರಲ್ಲಿ 901 ಕೋಟಿಗೆ ಪಡೆದ ಮಹಿಳಾ ತಂಡವೂ ಅದೇ ಕಂಪನಿಯಲ್ಲಿದೆ ಎಂಬುದನ್ನು ಮರೆಯುವಂತಿಲ್ಲ.

ಮೈದಾನದ ವಿಷಯದಲ್ಲಿ ಬೆಂಗಳೂರು ಮೆತ್ತಗಿದೆ. 2025ರ ಜೂನ್ 4ರ ಕಾಲ್ತುಳಿತದಲ್ಲಿ 11 ಜೀವ ಹೋದ ಮೇಲೆ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು. ಸುರಕ್ಷತೆಯಲ್ಲಿ ಒಂದಿಂಚೂ ಸಡಿಲಿಕೆ ಬೇಡ. ಆದರೆ ಗೇಟು, ನಿರ್ಗಮನ ದಾರಿ, ಪೊಲೀಸ್ ಅನುಮತಿ ಇವನ್ನು ಪ್ರತಿ ವರ್ಷ ಕೊನೆಯ ಗಳಿಗೆಗೆ ತಳ್ಳಿದರೆ, ಸಾಲದಲ್ಲಿರುವ ಮಾಲೀಕರಿಗೆ ಬೇರೆ ಊರಿನ ಕರೆ ಸಿಹಿಯಾಗಿ ಕೇಳಿಸುತ್ತದೆ. ತಂಡ ಒಂದೇ ಸಲ ಹೊರಡುವುದಿಲ್ಲ. ರಾಜಸ್ಥಾನ ಗುವಾಹಟಿಯಲ್ಲಿ, ದೆಹಲಿ ವಿಶಾಖಪಟ್ಟಣದಲ್ಲಿ, ಪಂಜಾಬ್ ಧರ್ಮಶಾಲಾದಲ್ಲಿ ಒಂದೆರಡು ಪಂದ್ಯ ಆಡುವಂತೆ ಮೊದಲು ‘ಎರಡನೆಯ ಮನೆ’ ಹುಟ್ಟುತ್ತದೆ. ಏಳು ತವರು ಪಂದ್ಯಗಳಲ್ಲಿ ಎರಡು ಹೊರಗೆ ಹೋದರೆ ಊರಿನ ಟಿಕೆಟ್, ಹೋಟೆಲ್, ಬಸ್ಸು, ಊಟದ ಗುತ್ತಿಗೆ ಎಲ್ಲದರಲ್ಲೂ ಕಾಲುಭಾಗಕ್ಕಿಂತ ಹೆಚ್ಚು ಹೋದಂತೆ.

ಆದ್ದರಿಂದ ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ಮತ್ತು ರಾಜ್ಯ ಸರ್ಕಾರ ಹೊಸ ಮಾಲೀಕರ ಜತೆ ಕುಳಿತು ಕನಿಷ್ಠ ಐದು ವರ್ಷದ ಮೈದಾನ ಒಪ್ಪಂದ ಮಾಡಿಕೊಳ್ಳಲಿ. ಬಾಡಿಗೆ, ಉಚಿತ ಪಾಸ್‌ಗಳ ಸಂಖ್ಯೆ, ಭದ್ರತೆಯ ವೆಚ್ಚ ಯಾರದು, ಏಳರಲ್ಲಿ ಎಷ್ಟು ಪಂದ್ಯ ಇಲ್ಲಿ ಎಂಬುದು ಅದರಲ್ಲಿ ಅಂಕಿಯಲ್ಲಿರಲಿ, ಜನರಿಗೆ ಓದಲು ಸಿಗಲಿ. ಬಿಸಿಸಿಐ ಹಸ್ತಾಂತರಕ್ಕೆ ಒಪ್ಪುವ ಮೊದಲು ಒಂದು ಸೀಸನ್ನಿನ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಬೇರೆ ಎಸ್ಕ್ರೊ ಖಾತೆಯಲ್ಲಿ, ಅಂದರೆ ಮಾಲೀಕರು ಬೇರೆ ಕೆಲಸಕ್ಕೆ ತೆಗೆಯಲಾಗದ ಖಾತೆಯಲ್ಲಿ, ಇಡಿಸಲಿ.

ಪತ್ರಿಕೆಯೂ ಒಂದು ಕೆಲಸ ಮಾಡಬಹುದು. ಕಂಪನಿಯೊಂದು ಆಸ್ತಿ ಅಡವಿಟ್ಟು ಸಾಲ ತೆಗೆದರೆ 30 ದಿನದೊಳಗೆ ಸಿಎಚ್‌ಜಿ-1 ನಮೂನೆಯಲ್ಲಿ ನೋಂದಾಯಿಸಬೇಕು, ದಂಡ ಶುಲ್ಕ ಕಟ್ಟಿ ತಡವಾಗಿಯೂ ಸಲ್ಲಿಸಬಹುದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಾಲ ಕೊಟ್ಟವರ ಹೆಸರು, ಮೊತ್ತ, ತಾರೀಖು ಸಿಗುತ್ತವೆ. ಮೂಲ ದಾಖಲೆ ನೋಡಲು 100 ರೂಪಾಯಿ ಶುಲ್ಕ. ಮಾರಾಟದ ಮರುದಿನ ನೋಡಿದರೆ ಏನೂ ಕಾಣದು, ಎರಡು ಮೂರು ತಿಂಗಳು ಬಿಟ್ಟು ನೋಡಬೇಕು. ತಂಡದ ಕಂಪನಿಯ ಪುಟ ಮಾತ್ರ ನೋಡಿದರೂ ಸಾಲದು. ಕೊಳ್ಳುವವರು ಹೊಸ ಕಂಪನಿ ಮಾಡಿ, ತಂಡದ ಷೇರುಗಳನ್ನೇ ಅಡವಿಟ್ಟು ಸಾಲ ತೆಗೆದರೆ ತಂಡದ ಪುಟ ಖಾಲಿ ಇರುತ್ತದೆ, ಸಾಲವೆಲ್ಲ ಮೇಲಿನ ಕಂಪನಿಯ ಪುಟದಲ್ಲಿರುತ್ತದೆ. ಎರಡೂ ಪುಟಗಳ ವಿವರವನ್ನು ತಂಡದ ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ಪ್ರತಿ ವರ್ಷ ಪಂದ್ಯಪಟ್ಟಿ ಬಂದ ದಿನ, ಏಳು ತವರು ಪಂದ್ಯಗಳಲ್ಲಿ ಎಷ್ಟು ಬೆಂಗಳೂರಿನಲ್ಲಿವೆ ಎಂದು ಎಣಿಸಿ ಬರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು, ಕಲಬುರಗಿ