ಬತ್ತದ ಕೆರೆ, ತೆರೆಯದ ತೂಬು

ಸಂಪಾದಕರಿಗೆ,

ಮಾನ್ಯರೆ,

ಕೋಲಾರ ತಾಲ್ಲೂಕಿನ ನಮ್ಮ ಊರಿನ ಕೆರೆ ಏರಿಯ ಸ್ಥಿತಿಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಬಯಸುತ್ತೇನೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಪಾಲಾರ್ ಕಣಿವೆಯಲ್ಲಿ ಒಂದರ ಕೆಳಗೊಂದು ಸರಪಳಿಯಂತಿರುವ ಕೆರೆಗಳ ಪೈಕಿ ಯಾವ ಊರಿನವರು ಓದಿದರೂ ಇದು ತಮ್ಮ ಕೆರೆಯ ಮಾತೇ ಇರಬೇಕು ಎಂದುಕೊಂಡಾರು.

ಕಳೆದ ದೀಪಾವಳಿಯ ಮಳೆ ನಿಂತ ಮೇಲೆ ಏರಿಯ ಹಿಂಬದಿಯಲ್ಲಿ, ಕೆರೆಯ ನೀರನ್ನು ಹೊರಬಿಡುವ ತೂಬಿನಿಂದ ಬಲಕ್ಕೆ ಇಪ್ಪತ್ತು ಮಾರು ದೂರದಲ್ಲಿ, ಏರಿಯ ಬುಡ ತೇವವಾಗಿರುವುದನ್ನು ಮೊದಲು ಕಂಡವರು ಅಲ್ಲಿ ಎಮ್ಮೆ ಮೇಯಿಸುವ ಹುಡುಗರು. ನಾವು ಹೋಗಿ ನೋಡಿದಾಗ ಬೆರಳಿನಷ್ಟು ದಪ್ಪದ ನೀರು ಜಿನುಗಿ ಹರಿಯುತ್ತಿತ್ತು. ಸುತ್ತ ಆಳೆತ್ತರಕ್ಕೆ ಜೊಂಡು ಬೆಳೆದಿದ್ದನ್ನು ನೋಡಿದರೆ ಆ ಜಿನುಗು ಆ ವಾರ ಶುರುವಾದದ್ದಲ್ಲ ಎಂದು ಯಾರಿಗಾದರೂ ತಿಳಿಯುವಂತಿತ್ತು. ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆವು. ಏರಿ ತಮ್ಮದಾದರೂ ನೀರು ಬೇರೆ ಯೋಜನೆಯದು ಎಂಬ ಮಾತು ಅಲ್ಲಿ ಬಾಯಲ್ಲಿ ಬಂತೇ ಹೊರತು ಲಿಖಿತ ಉತ್ತರ ಇದುವರೆಗೆ ಬಂದಿಲ್ಲ.

ಆ ನೀರಿನ ವಿಷಯವನ್ನು ಇಲ್ಲಿ ಹೇಳಲೇಬೇಕಾಗಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರಿನಂತೆ 126 ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲಿಗೆ ಲಕ್ಷ್ಮೀಸಾಗರ ಕೆರೆಗೆ ಬಂತು. ಕೆರೆಯಿಂದ ಕೆರೆಗೆ ಇಳಿದು ಮುಂದೆ ನಮ್ಮಲ್ಲಿಗೂ ಬಂತು. ಅದರ ಗುಣಮಟ್ಟದ ಚರ್ಚೆ ನಡೆದಿದೆ, ನಡೆಯಲಿ. ಬತ್ತಿದ್ದ ನನ್ನ ಕೊಳವೆಬಾವಿಯಲ್ಲಿ ಮತ್ತೆ ನೀರು ಬಂದದ್ದು ಈ ಯೋಜನೆಯಿಂದ ಎಂಬುದನ್ನು ಮರೆತು ಬರೆಯುವವನು ನಾನಲ್ಲ. ಆದರೆ ಆ ನೀರು ಏರಿಗೆ ಏನು ಮಾಡಿದೆ ಎಂಬ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿದಂತಿಲ್ಲ.

ನಮ್ಮ ಸೀಮೆಯ ಕೆರೆಗಳು ಬೇಸಿಗೆಯಲ್ಲಿ ಬತ್ತುವ ಕೆರೆಗಳು. ನೂರಾರು ವರ್ಷ ಈ ಮಣ್ಣಿನ ಏರಿಗಳು ಉಳಿದು ಬಂದದ್ದಕ್ಕೆ ಅವು ಗಟ್ಟಿಯಾಗಿದ್ದದ್ದು ಎಷ್ಟು ಕಾರಣವೋ, ವರ್ಷಕ್ಕೊಮ್ಮೆ ಅವು ಒಣಗಿ ಎಲ್ಲರ ಕಣ್ಣಿಗೆ ಬೀಳುತ್ತಿದ್ದದ್ದೂ ಅಷ್ಟೇ ಕಾರಣ. ಅಚ್ಚುಕಟ್ಟಿನ ಪೈರು ಕೊಯ್ಲಿಗೆ ಬರುವ ಹೊತ್ತಿಗೆ ಕೆರೆ ತಳ ಕಾಣುತ್ತಿತ್ತು. ಆಗ ಕೆರೆಯ ನೀರು ಬಿಡುವ ಕೆಲಸದ ನೀರುಗಂಟಿ ತೂಬಿನ ಗುಂಡಿಗೆ ಇಳಿದು ಹೂಳು ತೆಗೆಯುತ್ತಿದ್ದ. ಕಳಚಿದ ಕಲ್ಲುಗಟ್ಟಣೆಯನ್ನು ಊರಿನವರೇ ಜೋಡಿಸುತ್ತಿದ್ದರು. ಹೆಗ್ಗಣದ ಬಿಲ ಕಂಡಲ್ಲಿ ಅಗೆದು ಜೇಡಿಮಣ್ಣು ತುಂಬಿ ದಮ್ಮಸು ಮಾಡುತ್ತಿದ್ದರು. ಇದಕ್ಕೆ ಎಂಜಿನಿಯರ್ ಬೇಕಾಗಿರಲಿಲ್ಲ. ಮುಂದೆ ಮಳೆ ಕೈಕೊಟ್ಟ ವರ್ಷಗಳು ಬಂದವು, ಕೆರೆಗೆ ನೀರೇ ಬರಲಿಲ್ಲ, ನೀರುಗಂಟಿಯ ಮನೆಯವರು ನರಸಾಪುರದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋದರು. ನೀರೇ ಇಲ್ಲದ ಕೆರೆಯ ಏರಿಯನ್ನು ನೋಡಿಕೊಳ್ಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಆ ಅವಧಿಯಲ್ಲಿ ಏರಿಯ ಜೇಡಿ ಒಣಗಿ ಬಿರುಕುಬಿಟ್ಟಿತು, ಸೀಮೆಜಾಲಿ ಬೇರುಬಿಟ್ಟು ಮರವಾಯಿತು, ಟ್ರ್ಯಾಕ್ಟರ್‌ಗಳು ಓಡಾಡಿ ಏರಿಯ ತಲೆ ಸವೆದು ತಗ್ಗಿತು, ಮಣ್ಣು ತೆಗೆಯುವವರು ಜೆಸಿಬಿ ತಂದು ಒಳಬದಿಯ ಬುಡದವರೆಗೂ ಅಗೆದರು. ಹೀಗೆ ಸೊರಗಿದ ಏರಿಯ ಮೇಲೆ, ಒಮ್ಮೆಯೂ ಪರೀಕ್ಷೆ ಮಾಡದೆ, ವರ್ಷವಿಡೀ ನಿಲ್ಲುವ ನೀರನ್ನು ಹೊರಿಸಲಾಯಿತು.

ಒಣಗಿ ಬಿರಿದ ಮಣ್ಣಿನ ಒಡ್ಡು ಮತ್ತೆ ನೆನೆದರೆ ಮೇಲಿನ ಬಿರುಕು ಮುಚ್ಚಿಕೊಂಡಂತೆ ಕಾಣುತ್ತದೆ, ಒಳಗಿನದು ಉಳಿಯಬಹುದು. ಸತ್ತ ಜಾಲಿಯ ಬೇರು ಕೊಳೆತ ಜಾಗವೂ ಕೊಳವೆಯಂತೆಯೇ. ನೀರು ಅಂಥ ದಾರಿ ಹಿಡಿದು ಹೋಗುವಾಗ ಮಣ್ಣಿನ ಕಣಗಳನ್ನೂ ಜೊತೆಗೆ ಒಯ್ದರೆ ದಾರಿ ಅಗಲವಾಗುತ್ತದೆ, ಅಗಲವಾದಷ್ಟೂ ನೀರಿನ ರಭಸ ಹೆಚ್ಚುತ್ತದೆ. ತೆಳ್ಳಗೆ ತಿಳಿಯಾಗಿ ಜಿನುಗುವುದು ಮಣ್ಣಿನ ಏರಿಯ ಸಹಜ ಗುಣ. ಆದರೆ ಜಿನುಗುವ ನೀರು ಕದಡಿ ಬಂದರೆ ಏರಿ ಒಳಗಿನಿಂದ ಕರಗುತ್ತಿದೆಯೆಂದೇ ತಿಳಿಯಬೇಕು. ನಾನು ನವೆಂಬರ್‌ನಿಂದ ಪ್ರತಿ ಭಾನುವಾರ ಆ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಇಡುತ್ತಿದ್ದೇನೆ. ಮನೆಯವರಿಗೆ ಇದೊಂದು ತಮಾಷೆಯಾಗಿದೆ. ಮೊದಲ ಬಾಟಲಿಗಳ ತಳದಲ್ಲಿ ಏನೂ ಕೂತಿಲ್ಲ. ಈಚಿನ ಮೂರರ ತಳದಲ್ಲಿ ಕೆಂಪು ಮಣ್ಣಿನ ಪದರವಿದೆ.

ಇನ್ನು ತೂಬಿನ ಮಾತು. ಯೋಜನೆಯ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ, ಅದನ್ನು ನೇರವಾಗಿ ಜಮೀನಿಗೆ ಹಾಯಿಸುವಂತಿಲ್ಲ ಎಂಬ ನಿಬಂಧನೆ ಇದೆ. ನಿಬಂಧನೆಗೆ ಕಾರಣವಿದೆ, ಅದನ್ನು ಒಪ್ಪುತ್ತೇನೆ. ಆದರೆ ಅದರಿಂದಾಗಿ ನಮ್ಮ ತೂಬಿನ ಬಿರಡೆಯನ್ನು ಎತ್ತಿ ವರ್ಷಗಳೇ ಆದವು. ಈಗ ಎತ್ತಲು ಹೋದರೆ ಅದು ಎದ್ದೀತೋ, ಮುರಿದೀತೋ, ಏರಿಯ ಹೊಟ್ಟೆಯಲ್ಲಿ ಹಾದುಹೋಗುವ ಹಳೆಯ ಗಾರೆಯ ಕಾಲುವೆ ಸರಿಯಿದೆಯೋ ಕುಸಿದಿದೆಯೋ ಎಂದು ಹೇಳಬಲ್ಲವರು ಊರಿನಲ್ಲಿ ಯಾರೂ ಇಲ್ಲ. ಏರಿಗೆ ಅಪಾಯ ಬಂದ ದಿನ ಮೊದಲು ಮಾಡಬೇಕಾದ ಕೆಲಸ ನೀರಿನ ಮಟ್ಟ ಇಳಿಸುವುದು, ಅದಕ್ಕಿರುವ ಸಾಧನವೇ ಮುಚ್ಚಿ ಕುಳಿತಿದೆ. 2024ರ ಆಗಸ್ಟ್ 10ರಂದು ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದಾಗ, ನೀರು ಹೊರಬಿಟ್ಟು ಮಟ್ಟ ಇಳಿಸಲು ಅಲ್ಲಿ ಇನ್ನೂ 32 ಗೇಟುಗಳಿದ್ದವು. ನಮ್ಮ ಕೆರೆಗೆ ಇರುವುದು ಒಂದು ತೂಬು, ಒಂದು ಕೋಡಿ. ಕೋಡಿಗೂ ಅಡ್ಡಲಾಗಿ ಯಾರೋ ಮರಳಿನ ಮೂಟೆ ಒಟ್ಟಿದ್ದಾರೆ, ನೀರು ಇನ್ನೂ ಒಂದಡಿ ಹೆಚ್ಚು ನಿಲ್ಲಲಿ ಎಂಬ ಆಸೆಯಿಂದ.

ಕಾನೂನು ಇದೆಯಲ್ಲ ಎನ್ನಬಹುದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ ಆಗಬೇಕು, ತುರ್ತು ಕಾರ್ಯಯೋಜನೆ ಸಿದ್ಧವಿರಬೇಕು ಎನ್ನುತ್ತದೆ. ಆದರೆ ಅದು ಅನ್ವಯವಾಗುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಮತ್ತು 10ರಿಂದ 15 ಮೀಟರಿನೊಳಗೆ ಉದ್ದ, ಸಂಗ್ರಹ ಮುಂತಾದ ಷರತ್ತುಗಳಿಗೆ ಒಳಪಡುವವುಗಳಿಗೆ. ನಮ್ಮ ಏರಿ 10 ಮೀಟರ್ ಮುಟ್ಟುವುದಿಲ್ಲ. ಏರಿಯ ಕೆಳಗಿರುವ ಎರಡು ಬೀದಿಗಳ ಮನೆಗಳಿಗೆ ಈ ಅಳತೆಯಿಂದ ಸಮಾಧಾನವೇನೂ ಇಲ್ಲ. ಅಲ್ಲದೆ ಸರಪಳಿಯ ಕೆರೆಗಳಲ್ಲಿ ಒಂದನ್ನು ಬೇರೆಯಾಗಿ ಅಳೆಯುವುದೇ ತಪ್ಪು, ಮೇಲಿನದು ಒಡೆದರೆ ಆ ನೀರನ್ನು ತಡೆಯಬೇಕಾದದ್ದು ಕೆಳಗಿನ ಏರಿ. 2021ರ ನವೆಂಬರ್ 19ರಂದು ನೆರೆಯ ಆಂಧ್ರದ ಕಡಪ ಜಿಲ್ಲೆಯಲ್ಲಿ, ಮೇಲಿನ ಪಿಂಚಾ ಜಲಾಶಯದಿಂದ ನುಗ್ಗಿದ ನೀರನ್ನು ತಡೆಯಲಾರದೆ ಅನ್ನಮಯ್ಯ ಜಲಾಶಯದ ಮಣ್ಣಿನ ಕಟ್ಟೆ ಕೊಚ್ಚಿಹೋಯಿತು. ಅದರ ಐದು ಗೇಟುಗಳಲ್ಲಿ ಒಂದು ತೆರೆದುಕೊಳ್ಳಲಿಲ್ಲ. ಅದೇ ತಿಂಗಳ ಮಳೆಗೆ ನಮ್ಮ ಕೆರೆಯೂ ಕೋಡಿ ಬಿದ್ದಿತ್ತು, ನಾವು ಬಾಗಿನ ಅರ್ಪಿಸಿ ಫೋಟೋ ತೆಗೆಸಿಕೊಂಡೆವು.

ನಮ್ಮ ಕೋರಿಕೆ ದೊಡ್ಡದಲ್ಲ. ಮಳೆಯ ನೀರನ್ನು ತಡೆಯಲಾಗದು, ಆದರೆ ಪಂಪಿನಿಂದ ಬರುವ ನೀರನ್ನು ನಿಲ್ಲಿಸಲು ಸ್ವಿಚ್ ಇದೆ. ಬೇಸಿಗೆಯಲ್ಲಿ ಒಂದೊಂದು ಸಾಲಿನ ಕೆರೆಗಳಿಗೆ ಸರದಿಯಂತೆ ಕೆಲವು ವಾರ ನೀರು ನಿಲ್ಲಿಸಿ, ನುರಿತವರ ಎದುರಿನಲ್ಲಿ ತೂಬನ್ನು ತೆರೆದು, ನೀರನ್ನು ಹಳೆಯ ಕಾಲುವೆಯಲ್ಲಿ ಕೆಳಗಿನ ಕೆರೆಗೇ ಬಿಡಲಿ. ಹಾಗಾದರೆ ಒಂದು ಹನಿಯೂ ನಷ್ಟವಿಲ್ಲ, ನಿಬಂಧನೆಗೂ ಭಂಗವಿಲ್ಲ. ನಿಧಾನವಾಗಿ ಇಳಿಸಬೇಕೆಂಬುದನ್ನು ಮಾತ್ರ ಮರೆಯಬಾರದು, ನೆನೆದ ಏರಿಯಿಂದ ನೀರನ್ನು ಒಮ್ಮೆಲೇ ತೆಗೆದರೆ ಒಳಬದಿಯ ಮಣ್ಣು ಜಾರುತ್ತದೆ. ಆಗ ತೂಬು, ಕಲ್ಲುಗಟ್ಟಣೆ, ಏರಿಯ ಬುಡ ಎಲ್ಲವೂ ಕಣ್ಣಿಗೆ ಸಿಗುತ್ತವೆ. ಜಾಲಿ ಮರಗಳನ್ನು ಜೆಸಿಬಿಯಿಂದ ಬೇರುಸಹಿತ ಕಿತ್ತು ಗುಂಡಿ ಹಾಗೇ ಬಿಟ್ಟುಹೋಗುವ ಈಗಿನ ಪದ್ಧತಿಗಿಂತ, ಕಿತ್ತ ಜಾಗಕ್ಕೆ ಪದರ ಪದರವಾಗಿ ಮಣ್ಣು ತುಂಬಿ ಗಟ್ಟಿ ಮಾಡುವುದಾದರೆ ಮಾತ್ರ ಆ ಕೆಲಸಕ್ಕೆ ಕೈಹಾಕಲಿ. ನಮ್ಮಲ್ಲಿ ದೊಡ್ಡ ಮಳೆ ಬರುವುದು ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಆದ್ದರಿಂದ ಆಗಸ್ಟ್ ಮುಗಿಯುವುದರೊಳಗೆ ಇದಾಗಬೇಕು. ಊರಿಗೊಬ್ಬ ನೀರುಗಂಟಿಗೆ ಸಂಬಳ ಕೊಟ್ಟು ಏರಿಯ ಮೇಲೆ ದಿನಕ್ಕೊಮ್ಮೆ ನಡೆಸಿದರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ, ಜಿನುಗು ಇರುವ ಜಾಗದಲ್ಲಿ ನಾವು ಒಂದು ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೇವೆ. ಯಾವ ಇಲಾಖೆಯವರು ಬಂದರೂ ಆ ಜಾಗವನ್ನೂ, ದಿನಾಂಕ ಬರೆದಿಟ್ಟ ಬಾಟಲಿಗಳನ್ನೂ ತೋರಿಸಲು ನಾನು ಸಿದ್ಧನಿದ್ದೇನೆ.

ಇಂತಿ,
ಅಚ್ಚುಕಟ್ಟಿನ ಒಬ್ಬ ರೈತ,
ಕೋಲಾರ ತಾಲ್ಲೂಕು