ತೊಡೆಸಂದಿನ ನಾಡಿಯನ್ನೂ ನೋಡಲಿ

ಮಾನ್ಯ ಸಂಪಾದಕರೇ,

ಶಿಶುಗಳ ಹೃದಯದ ತೊಂದರೆ ಎಂದರೆ ನಮ್ಮ ಕಡೆ ‘ಹೃದಯದಲ್ಲಿ ರಂಧ್ರ’ ಎಂಬುದಷ್ಟೇ ಎಲ್ಲರಿಗೂ ಗೊತ್ತು. ಹೃದಯದಿಂದ ಹೊರಡುವ ಮಹಾಪಧಮನಿಯೇ ಹುಟ್ಟಿನಿಂದ ಕಿರಿದಾಗಿರುವ, ಇನ್ನೂ ವಿರಳವಾಗಿ ಅದರ ಕಮಾನು ನಡುವೆ ತುಂಡಾಗಿರುವ ದೋಷಗಳ ಮಾತು ಕೇಳಿಬರುವುದಿಲ್ಲ. ಚಿಂತಾಮಣಿಯ ನಮ್ಮ ಬಂಧುಗಳ ಮಗು ಹುಟ್ಟಿದಾಗ ಚೆನ್ನಾಗಿಯೇ ಇದ್ದು, ಆರನೇ ದಿನ ಹಾಲು ಬಿಟ್ಟು, ಬೆವರುತ್ತ ಏದುಸಿರು ಬಿಡತೊಡಗಿದಾಗ, ಮನೆಯವರು ದೃಷ್ಟಿಯಾಗಿದೆಯೆಂದು ನಿವಾಳಿಸುವುದರಲ್ಲೇ ಅರ್ಧ ದಿನ ಕಳೆದರು. ಮಗು ಉಳಿದದ್ದು ಅದೃಷ್ಟ.

ಗರ್ಭದಲ್ಲಿ ಶ್ವಾಸಕೋಶದ ಧಮನಿಯನ್ನು ಮಹಾಪಧಮನಿಗೆ ಸೇರಿಸುವ ಕಿರುನಾಳವು ಜನನದ ನಂತರ ಕೆಲವು ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ದೋಷ ತೀವ್ರವಾಗಿರುವ ಮಗುವಿನಲ್ಲಿ, ಅದು ತೆರೆದಿರುವವರೆಗೆ ದೇಹದ ಕೆಳಭಾಗಕ್ಕೆ ಹೇಗೋ ತಲುಪುತ್ತಿದ್ದ ರಕ್ತ, ಮುಚ್ಚಿದ ಮೇಲೆ ಮೂತ್ರಪಿಂಡ, ಕರುಳುಗಳಿಗೂ ಸಾಲದಾಗುತ್ತದೆ. ಆ ನಾಳವನ್ನು ತೆರೆದಿಡುವ ಪ್ರೊಸ್ಟಾಗ್ಲಾಂಡಿನ್ ಔಷಧವನ್ನು ಡ್ರಿಪ್ ಮೂಲಕ ಕೊಡುತ್ತಲೇ ಬೆಂಗಳೂರಿಗೆ ಸಾಗಿಸಿದರೆ ಶಸ್ತ್ರಚಿಕಿತ್ಸೆಗೆ ಸಮಯ ಸಿಗುತ್ತದೆ. ಈ ಔಷಧ ಜಿಲ್ಲಾ ಕೇಂದ್ರದಲ್ಲಿ ಸದಾ ದಾಸ್ತಾನಿರಬೇಕು.

ಖಚಿತಪಡಿಸಲು ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಬೇಕಾದರೂ ಅನುಮಾನಿಸಲು ಯಂತ್ರ ಬೇಕಿಲ್ಲ: ತೊಡೆಸಂದಿನ ನಾಡಿ ಕೈಯ ನಾಡಿಗಿಂತ ಕ್ಷೀಣವಾಗಿದ್ದರೆ ಸಾಕು. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಒಂದನ್ನೇ ನಂಬುವುದು ಸರಿಯಲ್ಲ, ಮಹಾಪಧಮನಿಯ ಕಿರಿದಾಗುವಿಕೆ ಅನೇಕ ವೇಳೆ ಅದಕ್ಕೆ ಸಿಗುವುದಿಲ್ಲ. ಆಶಾ ಕಾರ್ಯಕರ್ತೆಯರು 3ನೇ ಮತ್ತು 7ನೇ ದಿನ ಬಾಣಂತಿಯ ಮನೆಗೆ ಬರುವ ಪದ್ಧತಿ ಈಗಾಗಲೇ ಇರುವುದರಿಂದ, ಅವರಿಗೆ ಈ ಲಕ್ಷಣಗಳನ್ನು ತಿಳಿಸಿಕೊಡುವುದಕ್ಕೂ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಗುವನ್ನು ಮನೆಗೆ ಕಳುಹಿಸುವ ಮುನ್ನ ತೊಡೆಸಂದಿನ ನಾಡಿ ನೋಡುವುದಕ್ಕೂ ಆರೋಗ್ಯ ಇಲಾಖೆ ಸೂಚನೆ ನೀಡಬೇಕೆಂದು ಕೋರುತ್ತೇನೆ.

– ಓದುಗ, ಚಿಕ್ಕಬಳ್ಳಾಪುರ